ನಿಮ್ಮ ತೂಬಿನ ನೀರು ಎಲ್ಲಿಗೆ ಹೋಗ್ತಿದೆ? ನಕ್ಷೆ ನೀವೇ ಮಾಡಿ

ದಾವಣಗೆರೆ ಕಡೆ, ಭದ್ರಾ ಬಲದಂಡೆ ನಾಲೆಯ ಕೊನೆ ಭಾಗದಲ್ಲಿ ನಮ್ಮ ಎರಡು ಎಕರೆ ಗದ್ದೆ ಇದೆ. ನಾಲೆ ತುಂಬಿ ಹರಿದರೂ ನಮ್ಮ ಗದ್ದೆಗೆ ನೀರು ಮುಟ್ಟುತ್ತಿದ್ದದ್ದು ಅಪರೂಪ. "ಮೇಲಿನೋರು ನೀರು ಕದೀತಾರೆ" ಅಂತ ನಾನೂ ಜಗಳ ಆಡಿದವನೇ. ಕಳೆದ ಬೇಸಿಗೆ ಬೆಳೆಗೆ ಜಗಳ ಬಿಟ್ಟು, ಎಲ್ಲರೂ ಸೇರಿ ತೂಬಿನ ನಕ್ಷೆ ಮಾಡಿದೆವು.

ಪಟ್ಟಿ ಪ್ರಕಾರ ನಮ್ಮ ತೂಬಿಗೆ 42 ಎಕರೆ. ಏಳು ದಿನದ ಪಾಳಿ ಅಂದರೆ 168 ಗಂಟೆ, ಎಕರೆಗೆ 4 ಗಂಟೆ. ನಡೆದು ನೋಡಿದರೆ ಅದರಲ್ಲಿ 6 ಎಕರೆ ಸೈಟ್ ಆಗಿದೆ. ಪಟ್ಟಿಯಲ್ಲಿ ಇಲ್ಲದ 20 ಎಕರೆಗೆ ನೀರು ಹೋಗ್ತಿದೆ. ಒಟ್ಟು 56 ಎಕರೆ! ಎಲ್ಲರೂ 4 ಗಂಟೆ ನೀರು ಕಟ್ಟಿದರೆ 42 ಎಕರೆಗೇ ವಾರ ಮುಗಿಯುತ್ತೆ. ಕೊನೆಯ 14 ಎಕರೆ ಒಣಗುತ್ತೆ. ನಮ್ಮ ಗದ್ದೆ ಇದ್ದದ್ದು ಆ 14ರಲ್ಲಿ.

ನಾವು ಮಾಡಿದ್ದು ಹೀಗೆ:

1. ನೀರು ಹರಿಯುವ ದಿನವೇ ನಡೆಯಿರಿ. ಒಣ ಕಾಲುವೆ ನೋಡಿದರೆ ಏನೂ ಗೊತ್ತಾಗಲ್ಲ. ಸೌಡಿಯ ಜೊತೆ ಮೇಲಿನ, ನಡುವಿನ, ಕೊನೆಯ ಭಾಗದಿಂದ ಒಬ್ಬೊಬ್ಬ ರೈತರು ಇರಲಿ.

2. ಹೊಲದ ನಡುವೆ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಬದುವಿನ ಮೇಲೆ ನಿಂತರೆ ಪಕ್ಕದ ನಂಬರ್ ತೋರಿಸಬಹುದು. ಎಕರೆ-ಗುಂಟೆ, ಬೆಳೆ, ನೀರಿನ ಮೂಲ (ತೂಬು, ಮೋಟಾರು, ಬಸಿನೀರು, ಬೋರು) ಬರೆದುಕೊಳ್ಳಿ.

3. ಬಣ್ಣ ಹಚ್ಚಿ. ಪಟ್ಟಿಯಲ್ಲಿದ್ದು ನೀರು ಸಿಗುವುದು ಹಸಿರು, ಪಟ್ಟಿಯಲ್ಲಿದ್ದೂ ಸಿಗದ್ದು ಕೆಂಪು, ಪಟ್ಟಿಯಲ್ಲಿಲ್ಲದೆ ಸಿಗುವುದು ಹಳದಿ. ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಮಾಡಬಹುದು, ದೊಡ್ಡ ಹಾಳೆಯೂ ಸಾಕು.

4. ಗುಡಿ ಕಟ್ಟೆ ಮೇಲೆ ಹರಡಿ, ಎಲ್ಲರಿಂದ ತಿದ್ದಿಸಿ. ಗದ್ದೆಗೆ ನೀರು ಕಟ್ಟುವ ಹೆಣ್ಣುಮಕ್ಕಳನ್ನೂ ಗುತ್ತಿಗೆಗೆ ಮಾಡುವವರನ್ನೂ ಕರೆಯಿರಿ. ಪಹಣಿಯಲ್ಲಿ ಹೆಸರಿರುವವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ. ನಮ್ಮ ನಕ್ಷೆಯಲ್ಲಿ ಐದು ತಪ್ಪು ಸಿಕ್ಕಿದ್ದು ಅವರಿಂದಲೇ.

ಕಷ್ಟ ಬಂದದ್ದು ಹಳದಿ ಬಣ್ಣದಲ್ಲಿ. ನಮ್ಮ ಚಿಕ್ಕಪ್ಪನ 3 ಎಕರೆ ಅಡಿಕೆ ತೋಟವೂ ಅದರಲ್ಲಿತ್ತು. "ನಿನ್ನ ಕೈಯಾರೆ ನನ್ನ ತೋಟಕ್ಕೆ ಬಣ್ಣ ಹಚ್ಚಿದೆಯೇನೋ?" ಅಂದರು. ಅದೊಂದು ಅಳಿಸಿದ್ದರೆ ಮಿಕ್ಕವರೂ ಅಳಿಸು ಅನ್ನುತ್ತಿದ್ದರು. ಅಳಿಸಲಿಲ್ಲ.

ಕೊನೆಗೆ ನೀರು ಬಳಕೆದಾರರ ಸಂಘದ ಸಭೆಯಲ್ಲಿ ತೀರ್ಮಾನ ಆಯ್ತು: ಪಟ್ಟಿಯ 36 ಎಕರೆಗೆ ಮೊದಲು, ಕೊನೆಯಿಂದ ಶುರುಮಾಡಿ, 144 ಗಂಟೆ. ಉಳಿದ 24 ಗಂಟೆ ಹಳದಿಯವರು ಹಂಚಿಕೊಳ್ಳಬೇಕು. ಇದು ಆ ಬೆಳೆಗೆ ಮಾತ್ರ ಮಾಡಿಕೊಂಡ ಒಪ್ಪಂದ, ಹಕ್ಕಲ್ಲ. ಚಿಕ್ಕಪ್ಪ ಎರಡು ತಿಂಗಳು ಮನೆಗೆ ಬರಲಿಲ್ಲ. ಆಮೇಲೆ ಡ್ರಿಪ್ ಹಾಕಿಸೋಕೆ ಎಷ್ಟಾಗುತ್ತೆ ಅಂತ ಕೇಳಿಕೊಂಡು ಅವರೇ ಬಂದರು.

ನೆನಪಿಡಿ, ಇದು ಸರ್ವೆ ನಕ್ಷೆಯಲ್ಲ. ಬದುವಿನ ತಗಾದೆಗೆ ಬಳಸಬೇಡಿ. ಒಂದು ಪ್ರತಿ ಸಂಘಕ್ಕೆ, ಒಂದು ಸೌಡಿಗೆ ಕೊಡಿ. ಗದ್ದೆ ತೋಟ ಆದಾಗ, ಹೊಲ ಸೈಟ್ ಆದಾಗ ಲೆಕ್ಕ ಬದಲಾಗುತ್ತೆ. ಹಾಗಾಗಿ ಪ್ರತಿ ಬೆಳೆಗೂ ನೀರು ಬಿಟ್ಟ ಮೊದಲ ವಾರವೇ ಒಮ್ಮೆ ನಡೆದು ಬನ್ನಿ.