ಎಷ್ಟು ಬಂತು, ಎಷ್ಟು ಉಳಿಯಿತು? – ಮಕ್ಕಳ ಆಟಕ್ಕಾಗಿ ನಿಧಿ ಸಂಗ್ರಹಿಸುವ ಲೆಕ್ಕ



ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಲೆಕ್ಕಪತ್ರ ಓದುವಾಗ ನಮಗೆ ಸಿಗುವ ಉದಾಹರಣೆ ಹೆಚ್ಚಾಗಿ ಒಂದು ಕ್ರೀಡಾ ಸಂಘದ್ದೇ. ಸದಸ್ಯರ ಚಂದಾ, ದೇಣಿಗೆ, ಹಳೆಯ ಬ್ಯಾಟು ಮಾರಿದ ಹಣ ಎಂದೆಲ್ಲ ಅದರಲ್ಲಿ ಬರುತ್ತದೆ. ಪರೀಕ್ಷೆಗೆ ಅಷ್ಟು ಸಾಕು ಎಂದು ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ಮೊಹಲ್ಲಾದ ಮಕ್ಕಳ ಫುಟ್‌ಬಾಲ್ ತಂಡಕ್ಕೆ ಶೂ ಕೊಡಿಸಲು ಹೊರಟಾಗ ಆ ಪಾಠ ಯಾಕಿದೆ ಎಂದು ಗೊತ್ತಾಯಿತು. ಒಮ್ಮೆ ಸೋತೆವು, ಇನ್ನೊಮ್ಮೆ ಸ್ವಲ್ಪ ಗೆದ್ದೆವು. ಎರಡರ ಲೆಕ್ಕವನ್ನೂ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಮೇಳ

ತಂಡದಲ್ಲಿ 14 ವರ್ಷದೊಳಗಿನ 22 ಮಕ್ಕಳಿದ್ದಾರೆ. ನನ್ನ ತಮ್ಮನೂ ಒಬ್ಬ. ಅರ್ಧ ಮಕ್ಕಳು ಬರಿಗಾಲಲ್ಲಿ, ಉಳಿದವರು ಸ್ಕೂಲ್ ಶೂನಲ್ಲಿ ಆಡುತ್ತಾರೆ. ಕೋಚ್ ಭಾಯ್ ವಾರವಿಡೀ ಗ್ಯಾರೇಜಿನಲ್ಲಿ ಕೆಲಸ ಮಾಡಿ, ಭಾನುವಾರ ಬೆಳಿಗ್ಗೆ ಸಂಬಳವಿಲ್ಲದೆ ಕಲಿಸುತ್ತಾರೆ. ಒಂದು ಜೊತೆ ಶೂಗೆ 650 ರೂಪಾಯಿಯಂತೆ 22 ಜೊತೆಗೆ 14,300 ರೂಪಾಯಿ ಬೇಕಿತ್ತು.

ನಾವು ಗೆಳತಿಯರು ಸೇರಿ ಒಂದು ದಿನದ ತಿಂಡಿ ಮೇಳ ಮಾಡಿದೆವು. ಜನ ಚೆನ್ನಾಗಿಯೇ ಬಂದರು. ಕೂಪನ್ ಮಾರಾಟದಿಂದ 18,400, ದೇಣಿಗೆ ಡಬ್ಬಿಯಿಂದ 3,250, ಒಟ್ಟು 21,650 ರೂಪಾಯಿ. ಆ ರಾತ್ರಿಯೇ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ "ಇಪ್ಪತ್ತೊಂದು ಸಾವಿರ!" ಎಂದು ಹಾಕಿಕೊಂಡೆವು. ಮಕ್ಕಳು ಬೀದಿಯಲ್ಲಿ ಸಿಕ್ಕಾಗಲೆಲ್ಲ "ಆಪಾ, ಶೂ ಯಾವಾಗ?" ಎಂದು ಕೇಳತೊಡಗಿದರು.

ಮರುದಿನ ಖರ್ಚು ಬರೆದೆವು. ಶಾಮಿಯಾನ ಮತ್ತು ಕುರ್ಚಿ 5,500. ಮೈಕ್ 2,500. ಅಕ್ಕಿ, ಚಿಕನ್, ಎಣ್ಣೆ ಸೇರಿ 8,200. ಅತಿಥಿಗಳಿಗೆ ಶಾಲು, ನೆನಪಿನ ಕಾಣಿಕೆ 2,400. ಬ್ಯಾನರ್ 900. ಒಟ್ಟು 19,500. ಹಾಗಾದರೆ 2,150 ಉಳಿಯಬೇಕಿತ್ತು. ಡಬ್ಬಿಯಲ್ಲಿ ಇದ್ದದ್ದು 1,450.

700 ರೂಪಾಯಿ ಎಲ್ಲಿ ಹೋಯಿತು? ಡಬ್ಬಿ ಇಟ್ಟುಕೊಂಡಿದ್ದವಳು ನನ್ನ ಹತ್ತಿರದ ಗೆಳತಿ. ಅವಳ ಮುಖಕ್ಕೆ ಯಾರೂ ಏನೂ ಅನ್ನಲಿಲ್ಲ, ಆದರೆ ಎಲ್ಲರೂ ಅವಳ ಕಡೆಗೇ ನೋಡಿದರು. ನಾನೂ ನೋಡಿದೆ. ಅವಳು ನಮ್ಮ ಜೊತೆ ಕೂರುವುದನ್ನೇ ಬಿಟ್ಟಳು. ಮೂರು ವಾರದ ನಂತರ ಪಾತ್ರೆ ಸಾಗಿಸಿದ ಟೆಂಪೋದವರು ಸಿಕ್ಕರು. "ಅವತ್ತೇ ಏಳುನೂರು ಕೊಟ್ಟು ಕಳಿಸಿದ್ರಲ್ಲಮ್ಮ" ಎಂದರು. ಬಾಡಿಗೆ ಕೊಟ್ಟದ್ದು ನಿಜ, ಬರೆದುಕೊಳ್ಳದೇ ಇದ್ದದ್ದೂ ನಿಜ. ಗೆಳತಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಕ್ಷಮಿಸಿದಳು. ಆದರೆ ಆ ಮೂರು ವಾರವನ್ನು ನಾನು ಅವಳಿಗೆ ವಾಪಸ್ ಕೊಡಲಾರೆ.

ಉಳಿದ ಹಣಕ್ಕೆ ಎರಡು ಜೊತೆ ಶೂ ಬಂತು. 22 ಮಕ್ಕಳಿಗೆ ಎರಡು ಜೊತೆ! ಕೋಚ್ ಭಾಯ್ ಅವನ್ನು ತಮ್ಮ ಚೀಲದಲ್ಲಿ ಇಟ್ಟುಕೊಂಡು, "ಪಂದ್ಯದ ದಿನ ಯಾರ ಕಾಲಿಗೆ ಹಿಡಿಯುತ್ತೋ ಅವರು ಹಾಕಿಕೊಳ್ಳಲಿ" ಎಂದರು.

ತಪ್ಪಿದ್ದೆಲ್ಲಿ?

ನಾವು ಸ್ವೀಕೃತಿಯನ್ನೇ ಹೆಚ್ಚುವರಿ ಎಂದು ತಿಳಿದೆವು. ಬಂದದ್ದೆಲ್ಲ ಸ್ವೀಕೃತಿ. ಖರ್ಚು ಕಳೆದು ಉಳಿಯುವುದು ಹೆಚ್ಚುವರಿ. ಮಕ್ಕಳ ಕಾಲಿಗೆ ಶೂ ಆಗುವುದು ಹೆಚ್ಚುವರಿ ಮಾತ್ರ. ಜನ ಕೊಟ್ಟ ಪ್ರತಿ 100 ರೂಪಾಯಿಯಲ್ಲಿ 7 ರೂಪಾಯಿಯೂ ಮಕ್ಕಳಿಗೆ ತಲುಪಲಿಲ್ಲ. ಉಳಿದದ್ದು ಶಾಮಿಯಾನ, ಮೈಕ್, ಶಾಲು, ಅಡುಗೆಗೆ ಹೋಯಿತು.

ದೊಡ್ಡವರ ಒಂದು ಉದಾಹರಣೆ ನೋಡಿ. 1983ರಲ್ಲಿ ಕಪಿಲ್ ದೇವ್ ನಾಯಕತ್ವದ ತಂಡ ಕ್ರಿಕೆಟ್ ವಿಶ್ವಕಪ್ ಗೆದ್ದು ಬಂದಾಗ, ಆಟಗಾರರಿಗೆ ದೊಡ್ಡ ಬಹುಮಾನ ಕೊಡುವಷ್ಟು ಹಣ ಕ್ರಿಕೆಟ್ ಮಂಡಳಿಯ ಬಳಿ ಇರಲಿಲ್ಲ. ಆಗ ಲತಾ ಮಂಗೇಶ್ಕರ್ ದೆಹಲಿಯಲ್ಲಿ ಸಂಗೀತ ಕಾರ್ಯಕ್ರಮ ಕೊಟ್ಟರು. ಅದರಿಂದ ಬಂದ ಹಣದಲ್ಲಿ ಪ್ರತಿ ಆಟಗಾರನಿಗೆ 1 ಲಕ್ಷ ರೂಪಾಯಿ ಸಿಕ್ಕಿತು. ಲತಾ ಅವರು ಸಂಭಾವನೆ ತೆಗೆದುಕೊಳ್ಳಲಿಲ್ಲ. ಸಂಗೀತ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಕಲಾವಿದರ ಸಂಭಾವನೆ. ಆ ಖರ್ಚೇ ಸೊನ್ನೆಯಾದದ್ದರಿಂದ ಹಣ ಉಳಿಯಿತು. ಕಾಮರ್ಸ್ ವಿದ್ಯಾರ್ಥಿಗಳು ಇದರಲ್ಲಿ ಗಮನಿಸಬೇಕಾದದ್ದು ಇದನ್ನೇ.

ಮೊದಲು ಬಜೆಟ್

ಎರಡನೇ ಸಲ ನಾವು ಏಳು ಜನರ ಫುಟ್‌ಬಾಲ್ ಪಂದ್ಯಾವಳಿ ಇಟ್ಟುಕೊಂಡೆವು. ಈ ಸಲ ಬ್ಯಾನರಿಗೂ ಮೊದಲು ಬಜೆಟ್ ಬರೆದೆವು.

ಖರ್ಚಿನಲ್ಲಿ ಎರಡು ವಿಧ. ಎಷ್ಟೇ ತಂಡ ಬಂದರೂ ಬದಲಾಗದ್ದು ಸ್ಥಿರ ವೆಚ್ಚ: ರೆಫರಿಗಳ ಗೌರವಧನ 1,500, ಗೆರೆ ಹಾಕುವ ಸುಣ್ಣ 300, ಪ್ರಥಮ ಚಿಕಿತ್ಸೆ 400, ಟ್ರೋಫಿ 1,000, ಮುದ್ರಣ 400. ಒಟ್ಟು 3,600. ಪ್ರತಿ ತಂಡಕ್ಕೆ ತಕ್ಕಂತೆ ಹೆಚ್ಚಾಗುವುದು ಚರ ವೆಚ್ಚ: ನೀರು, ಬಾಳೆಹಣ್ಣು, ಬಿಸ್ಕತ್ತು ಸೇರಿ ತಂಡಕ್ಕೆ 150.

ಪ್ರವೇಶ ಶುಲ್ಕ ತಂಡಕ್ಕೆ 600. ಅದರಲ್ಲಿ 150 ಕಳೆದರೆ ಪ್ರತಿ ತಂಡದಿಂದ 450 ಉಳಿಯುತ್ತದೆ. 3,600ನ್ನು 450ರಿಂದ ಭಾಗಿಸಿದರೆ 8. ಅಂದರೆ 8 ತಂಡ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದೇ ಬ್ರೇಕ್ ಈವನ್. ಒಂಬತ್ತನೇ ತಂಡದಿಂದ ಮಾತ್ರ ಶೂ ಲೆಕ್ಕ ಶುರು. ಆದ್ದರಿಂದ 8 ತಂಡ ಖಾತ್ರಿಯಾಗುವವರೆಗೆ ಯಾವ ಮುಂಗಡವನ್ನೂ ಕೊಡುವುದಿಲ್ಲ ಎಂದು ನಿರ್ಧರಿಸಿದೆವು.

ಶಾಮಿಯಾನ ಬಿಟ್ಟೆವು, ಬೇವಿನ ಮರದ ನೆರಳಿತ್ತು. ಶಾಲು ಬಿಟ್ಟೆವು, ಅತಿಥಿಗಳಿಗೆ ಮಕ್ಕಳು ಚಹಾ ಕೊಟ್ಟರು. ಮೈಕ್ ಬಿಟ್ಟೆವು, ಸೀಟಿ ಸಾಕಾಯಿತು.

ದುಡ್ಡು ಮುಟ್ಟುವ ನಿಯಮಗಳು

1. ಕೂಪನ್‌ಗೆ ಕ್ರಮಸಂಖ್ಯೆ ಇರಲಿ. ಕೊಟ್ಟ ಕೂಪನ್‌ಗಳಲ್ಲಿ ವಾಪಸ್ ಬಂದದ್ದನ್ನು ಕಳೆದರೆ ಮಾರಾಟವಾದದ್ದು ಸಿಗುತ್ತದೆ. ಅದನ್ನು ಬೆಲೆಯಿಂದ ಗುಣಿಸಿದಾಗ ಬರುವ ಮೊತ್ತ ಡಬ್ಬಿಯಲ್ಲಿ ಇರಬೇಕು.

2. ಪ್ರತಿ ದೇಣಿಗೆಗೂ ರಸೀದಿ ಕೊಡಿ. 10 ರೂಪಾಯಿ ಕೊಟ್ಟವರಿಗೂ ಕೊಡಿ. ಅಡಿಪ್ರತಿ ನಿಮ್ಮ ಬಳಿ ಇರಲಿ.

3. ಹಣ ಎಣಿಸುವಾಗ ಇಬ್ಬರು ಇರಲಿ, ಇಬ್ಬರೂ ಸಹಿ ಹಾಕಲಿ. ಇದು ಅನುಮಾನವಲ್ಲ, ರಕ್ಷಣೆ. ಈ ನಿಯಮ ಇದ್ದಿದ್ದರೆ ನನ್ನ ಗೆಳತಿ ಮೂರು ವಾರ ಅಳುತ್ತಿರಲಿಲ್ಲ.

4. ಸಣ್ಣ ಖರ್ಚಿಗೆ ಒಬ್ಬರ ಕೈಗೆ 500 ಅಥವಾ 1,000 ಕೊಟ್ಟು, ವೋಚರ್ ತಂದಾಗ ಮಾತ್ರ ಅಷ್ಟೇ ಮತ್ತೆ ತುಂಬಿಸಿ. ಪುಸ್ತಕದಲ್ಲಿ ಇದನ್ನು ಇಂಪ್ರೆಸ್ಟ್ ಪದ್ಧತಿ ಎನ್ನುತ್ತಾರೆ. ಟೆಂಪೋದವರ ಬಳಿ ಬಿಲ್ ಇರುವುದಿಲ್ಲ. ಬಿಳಿ ಹಾಳೆಯಲ್ಲಿ ಬರೆದು ಅವರ ಸಹಿ ತೆಗೆದುಕೊಂಡರೆ ಅದೇ ವೋಚರ್.

5. ಫೋನಿನಲ್ಲಿ ಬರುವ ಹಣ ಯಾರದೋ ಸ್ವಂತ ಖಾತೆಗೆ ಬಿದ್ದರೆ ಮನೆಯ ಹಣದ ಜೊತೆ ಬೆರೆಯುತ್ತದೆ. ಉಪನ್ಯಾಸಕರನ್ನೋ ಸಮಿತಿಯವರನ್ನೋ ಕೇಳಿ ಬೇರೆ ಖಾತೆಯ ಕ್ಯೂಆರ್ ಕೋಡ್ ಬಳಸಿ.

6. "ಇದಕ್ಕೇ" ಎಂದು ಕೊಟ್ಟ ಹಣವನ್ನು ಅದಕ್ಕೇ ಬಳಸಿ. ಒಬ್ಬ ಚಾಚಾ ಗೋಲ್ ನೆಟ್‌ಗೆ ಮಾತ್ರ ಎಂದು 1,500 ಕೊಟ್ಟರು. ಅದನ್ನು ಸಾಮಾನ್ಯ ಆದಾಯಕ್ಕೆ ಸೇರಿಸದೆ, ನಿರ್ದಿಷ್ಟ ದೇಣಿಗೆ ಎಂದು ಬೇರೆಯೇ ಇಟ್ಟೆವು. ಹಾಗೆಯೇ ಯಾರಾದರೂ ಜಕಾತ್ ಎಂದು ಕೊಟ್ಟರೆ ಹಾಗೇ ಡಬ್ಬಿಗೆ ಹಾಕಬೇಡಿ. ಅದು ಯಾರಿಗೆ ಸಲ್ಲಬೇಕು ಎಂಬುದಕ್ಕೆ ನಿಯಮವಿದೆ, ಮೊದಲು ತಿಳಿದವರನ್ನು ಕೇಳಿ.

ಕಾನೂನಿನ ಮಾತು

ನಮಗೆ 18 ತುಂಬಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಬಾಡಿಗೆ ಪತ್ರ, ಮೈದಾನದ ಅರ್ಜಿ ಎಲ್ಲದಕ್ಕೂ ಒಬ್ಬ ಹಿರಿಯರ ಸಹಿ ಬೇಕು. ಮೈಕ್ ಬಳಸುವುದಾದರೆ 2000ದ ಶಬ್ದಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಪಡೆಯಬೇಕು. ಲಕ್ಕಿ ಡ್ರಾ ಟಿಕೆಟ್ ಮಾರೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ.

ತಂಡ ಬೆಳೆದು ಸಂಘವಾಗಬೇಕು ಎಂದಾದರೆ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ನೋಂದಾಯಿಸಬಹುದು. ಆದಾಯ ತೆರಿಗೆ ಕಾಯ್ದೆಯಡಿ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ದಾನಿಗೆ ತೆರಿಗೆಯಲ್ಲಿ ವಿನಾಯಿತಿ ಸಿಗಬಹುದು. ಆದರೆ ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆ ವಿನಾಯಿತಿ ಇಲ್ಲ. ಅನುಮೋದನೆ ಇಲ್ಲದ ನಮ್ಮಂಥ ತಂಡಗಳು "ತೆರಿಗೆ ಉಳಿಯುತ್ತದೆ" ಎಂದು ಹೇಳಿ ಹಣ ಕೇಳಬಾರದು, ಅದು ಸುಳ್ಳಾಗುತ್ತದೆ.

ನೋಂದಾಯಿತ ಸಂಸ್ಥೆಗಳಿಗೆ ಇನ್ನೊಂದು ದಾರಿಯೂ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಸೇರಿದೆ. ನಮ್ಮ ಬೆಂಗಳೂರಿನ ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ ಮತ್ತು ಬಿಲಿಯರ್ಡ್ಸ್ ಆಟಗಾರ ಗೀತ್ ಸೇಠಿ ಆರಂಭಿಸಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆ, ದಾನಿಗಳಿಂದ ಮತ್ತು ಕಂಪನಿಗಳಿಂದ ಹಣ ಪಡೆದು ಕ್ರೀಡಾಪಟುಗಳ ತರಬೇತಿಗೆ ನೆರವಾಗುತ್ತದೆ. ದಾನಿ ಚಿಕ್ಕವನಿರಲಿ, ಕಂಪನಿ ಇರಲಿ, ಕೊಡುವ ಮೊದಲು ಕೇಳುವ ಪ್ರಶ್ನೆ ಒಂದೇ: ಹೋದ ಸಲದ ಲೆಕ್ಕ ಎಲ್ಲಿ?

ಎರಡನೇ ಸಲದ ಫಲಿತಾಂಶ

14 ತಂಡ ಬಂದವು. ಪ್ರವೇಶ ಶುಲ್ಕ 8,400. ಅಮ್ಮಿ ಮತ್ತು ಪಕ್ಕದ ಮನೆಯವರು ಮಾಡಿಕೊಟ್ಟ ಸಮೋಸ, ಚಹಾ ಮಾರಾಟ 4,200. ರಸೀದಿ ಕೊಟ್ಟ ದೇಣಿಗೆ 6,150. ನೆಟ್‌ನ ಹಣ ಬಿಟ್ಟು ಒಟ್ಟು 18,750.

ಸ್ಥಿರ ವೆಚ್ಚ 3,600. ತಂಡಗಳ ನೀರು, ತಿಂಡಿ 2,100. ಸಮೋಸದ ಸಾಮಾನು 1,700. ಒಟ್ಟು 7,400. ಉಳಿದದ್ದು 11,350.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಸಲ ಬಂದದ್ದು 21,650, ಉಳಿದದ್ದು 1,450. ಎರಡನೇ ಸಲ ಬಂದದ್ದು ಅದಕ್ಕಿಂತ ಕಡಿಮೆ, 18,750. ಉಳಿದದ್ದು ಮಾತ್ರ 11,350. ಪ್ರತಿ 100 ರೂಪಾಯಿಯಲ್ಲಿ 60 ರೂಪಾಯಿ ಮಕ್ಕಳಿಗೆ ತಲುಪಿತು. 17 ಜೊತೆ ಶೂ ಬಂತು, ಕೈಯಲ್ಲಿ 300 ಉಳಿಯಿತು. ಮೊದಲಿನ ಎರಡೂ ಸೇರಿ 19 ಜೊತೆ. ಇನ್ನೂ ಮೂರು ಜೊತೆ ಬಾಕಿ ಇದೆ. ಆ ಮೂವರಲ್ಲಿ ನನ್ನ ತಮ್ಮನೂ ಒಬ್ಬ. ಲೆಕ್ಕ ಬರೆಯುವವಳ ಮನೆಗೇ ಮೊದಲು ಹೋಗಬಾರದು ಎಂದು ನಾನೇ ಹೇಳಿದ್ದೆ. ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ.

ಡಬ್ಬಿ ಈ ಸಲವೂ ಅದೇ ಗೆಳತಿಯ ಕೈಯಲ್ಲಿತ್ತು. ಬೇಕೆಂದೇ ಕೊಟ್ಟೆವು. ಸಂಜೆ ಎಣಿಸಿದಾಗ ಪುಸ್ತಕಕ್ಕೂ ಡಬ್ಬಿಗೂ ಒಂದು ರೂಪಾಯಿಯ ವ್ಯತ್ಯಾಸ ಬರಲಿಲ್ಲ. ಅವಳು ಸಹಿ ಹಾಕಿ ಪುಸ್ತಕವನ್ನು ನನ್ನ ಕಡೆ ತಳ್ಳಿದಳು. ನಾನೂ ಸಹಿ ಹಾಕಿದೆ. ಲೆಕ್ಕದ ಹಾಳೆಯನ್ನು ಮರುದಿನ ಮೈದಾನದ ಗೇಟಿಗೆ ಅಂಟಿಸಿದೆವು. ದೇಣಿಗೆ ಕೊಟ್ಟವರು ನಿಂತು ಓದಿದರು.

ಕನ್ನಡ ಪತ್ರಿಕೆಯಲ್ಲಿ "ಅಮಾನತು" ಎಂದು ಓದಿದರೆ ಯಾರನ್ನೋ ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಟ್ಟರು ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಬೇರೆಯವರು ನಮ್ಮನ್ನು ನಂಬಿ ಒಪ್ಪಿಸಿದ ವಸ್ತು. ಮಕ್ಕಳ ಹೆಸರಲ್ಲಿ ಸಂಗ್ರಹಿಸಿದ ಹಣ ಎರಡನೆಯ ಅರ್ಥದ್ದು. ಅದನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಮೊದಲನೆಯ ಅರ್ಥ ನಮಗೆ ಅಂಟಿಕೊಳ್ಳುತ್ತದೆ.

ನೀವೇ ಬಿಡಿಸಿ

ಒಂದು ಪಂದ್ಯಾವಳಿಯ ಪ್ರವೇಶ ಶುಲ್ಕ ತಂಡಕ್ಕೆ 500 ರೂಪಾಯಿ. ಪ್ರತಿ ತಂಡದ ಚರ ವೆಚ್ಚ 100. ಸ್ಥಿರ ವೆಚ್ಚ 4,800. (ಅ) ಬ್ರೇಕ್ ಈವನ್‌ಗೆ ಎಷ್ಟು ತಂಡ ಬೇಕು? (ಆ) 6,000 ರೂಪಾಯಿ ಉಳಿಯಬೇಕಾದರೆ ಎಷ್ಟು ತಂಡ ಬೇಕು? (ಇ) ಒಂದು ಅಂಗಡಿಯವರು 2,000 ರೂಪಾಯಿಯ ಟ್ರೋಫಿ ಉಚಿತವಾಗಿ ಕೊಟ್ಟು ಸ್ಥಿರ ವೆಚ್ಚ 2,800ಕ್ಕೆ ಇಳಿದರೆ ಬ್ರೇಕ್ ಈವನ್ ಎಷ್ಟು?

ಉತ್ತರ: (ಅ) 12 (ಆ) 27 (ಇ) 7.

ಮೂರನೇ ಉತ್ತರವನ್ನು ಇನ್ನೊಮ್ಮೆ ನೋಡಿ. ಒಂದು ಟ್ರೋಫಿಯನ್ನು ದಾನವಾಗಿ ಕೇಳಿ ಪಡೆದರೆ ಐದು ತಂಡ ಕರೆತಂದಷ್ಟೇ ಆಗುತ್ತದೆ. ಕೇಳಲು ನಾಚಿಕೆ ಬೇಡ, ಲೆಕ್ಕ ಕೊಡಲು ಮರೆಯಬೇಡಿ.