ನಾರು ಮತ್ತು ನೂಲು: ಉಲ್ಲನ್ ಅಂಗಡಿಯಿಂದ ತರಗತಿಗೆ ಬಂದ ಒಂದು ಪಾಠ

ಪೀಠಿಕೆ

ನೂಲು ಕೊಳ್ಳಲು ಹೋಗುವುದೆಂದರೆ ನನಗೆ ಹಬ್ಬ. ಪಿ.ಯು.ಸಿ. ರಜೆಯಲ್ಲಿ ಚಿಕ್ಕಮ್ಮನಿಂದ ಕ್ರೋಶಾ ಕಲಿತೆ. ಅಂದಿನಿಂದ ತಿಂಗಳಿಗೊಮ್ಮೆಯಾದರೂ ದಾವಣಗೆರೆಯ ಪೇಟೆಯಲ್ಲಿರುವ ಒಂದು ಉಲ್ಲನ್ ಅಂಗಡಿಗೆ ಹೋಗುತ್ತೇನೆ. ಅಂಗಡಿ ಚಿಕ್ಕದು. ಗೋಡೆ ತುಂಬ ಗೂಡುಗಳು, ಗೂಡಿಗೊಂದು ಬಣ್ಣ. ಕೊಳ್ಳುವುದು ಎರಡು ಉಂಡೆ, ಮುಟ್ಟಿ ನೋಡುವುದು ಇಪ್ಪತ್ತು. ನೂಲಿನ ತುದಿಯನ್ನು ಬೆರಳಲ್ಲಿ ತಿರುಚಿ ಬಿಚ್ಚಿ, ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆಂದು ಎಣಿಸುತ್ತೇನೆ. ಮಗುವಿನ ಟೋಪಿಗೆ ಬೇಕಾದರೆ ಉಂಡೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತೇನೆ. ಬೆರಳಿಗೆ ತಿಳಿಯದ ಚುಚ್ಚು ಕೆನ್ನೆಗೆ ತಿಳಿಯುತ್ತದೆ. ಒಳಗಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಂಡ ಬಣ್ಣ ಹೊರಗೆ ಬೇರೆಯಾಗಿ ಕಾಣುವುದರಿಂದ ಉಂಡೆ ಹಿಡಿದು ಬಾಗಿಲ ಬಿಸಿಲಿಗೆ ಬರುತ್ತೇನೆ. ಅಂಗಡಿಯವರು ಬೇಸರಿಸುವುದಿಲ್ಲ. ಗಿರಾಕಿ ಮುಟ್ಟದೆ ನೂಲು ಕೊಳ್ಳುವುದಿಲ್ಲ ಎಂಬುದು ಅವರಿಗೆ ಗೊತ್ತು.

ವೀಕ್ಷಣೆ, ಹೋಲಿಕೆ, ವರ್ಗೀಕರಣ, ಅಳತೆ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವ ಕೌಶಲಗಳೆಲ್ಲ ಈ ಕೆಲಸದಲ್ಲಿವೆ. ಆದರೆ 7ನೇ ತರಗತಿಗೆ ನಾರುಗಳ ಪಾಠ ಮಾಡುವಾಗ ನನಗೆ ಇದು ನೆನಪಾಗಲಿಲ್ಲ. ನೆನಪಾಗದೆ ಮಾಡಿದ ಒಂದು ತಪ್ಪು, ಅದನ್ನು ಸರಿಪಡಿಸಲು ಮಾಡಿದ ಎರಡನೇ ಪಾಠ, ಇವೆರಡನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಪಾಠ

ಬೋಧನಾಭ್ಯಾಸದ ಎರಡನೇ ವಾರ. ಕಲಿಕಾಂಶ: ಪ್ರಾಣಿಜನ್ಯ ನಾರುಗಳು. ಕುರಿಯ ಚಿತ್ರಪಟ, ಉಣ್ಣೆ ಸಂಸ್ಕರಣೆಯ ಹಂತಗಳ ಚಾರ್ಟ್, ಜೊತೆಗೆ ಮನೆಯಲ್ಲಿದ್ದ ಕೆಂಪು ಉಲ್ಲನ್ ಉಂಡೆ. ಉಂಡೆಯನ್ನು ಎತ್ತಿ ಹಿಡಿದು, "ಇದು ಕುರಿಯಿಂದ ಸಿಗುವ ಉಣ್ಣೆಯ ನೂಲು" ಎಂದೆ.

ಕಿಟಕಿ ಪಕ್ಕದ ಹುಡುಗಿಯೊಬ್ಬಳು ಕೈ ಎತ್ತದೆಯೇ ಹೇಳಿದಳು: "ಇದು ಉಣ್ಣಿ ಅಲ್ಲ ಮಿಸ್. ಉಣ್ಣಿ ಚುಚ್ಚತೈತಿ. ನಮ್ಮ ಅಜ್ಜ ಕಂಬಳಿ ನೇಯ್ತಾರೆ."

ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ಅವರ ಪಕ್ಕ ಇಬ್ಬರು ಸಹಪಾಠಿಗಳು. ನಾನು, "ಸರಿ, ಕೂತ್ಕೋ, ಆಮೇಲೆ ಮಾತಾಡೋಣ" ಎಂದು ಚಾರ್ಟಿನ ಕಡೆ ತಿರುಗಿದೆ. ಆಮೇಲೆ ಮಾತಾಡಲಿಲ್ಲ. ಆ ಅವಧಿಯಲ್ಲಿ ಅವಳು ಮತ್ತೆ ಬಾಯಿ ಬಿಡಲಿಲ್ಲ.

ರಾತ್ರಿ ಉಂಡೆಗೆ ಸುತ್ತಿದ್ದ ಚೀಟಿ ಓದಿದೆ. ಅಕ್ರಿಲಿಕ್, ನೂರಕ್ಕೆ ನೂರು. ಅಕ್ರಿಲಿಕ್ ಎಂದರೆ ಪಾಲಿಅಕ್ರೈಲೋನೈಟ್ರೈಲ್. ಬಿ.ಎಸ್ಸಿ. ಪರೀಕ್ಷೆಯಲ್ಲಿ ಅದರ ಪಾಲಿಮರೀಕರಣದ ಸಮೀಕರಣ ಬರೆದಿದ್ದೇನೆ. ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ತಯಾರಾಗುವ ಈ ನಾರನ್ನು ಅಮೆರಿಕದ ಡುಪಾಂಟ್ ಕಂಪನಿ 1950ರಲ್ಲಿ ಆರ್ಲಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು ಎಂಬುದನ್ನೂ ಓದಿದ್ದೇನೆ. ಅದೇ ವಸ್ತು ಏಳೆಂಟು ವರ್ಷಗಳಿಂದ ನನ್ನ ಮಡಿಲಲ್ಲಿ ಉರುಳಾಡುತ್ತಿತ್ತು. ಪುಸ್ತಕದ ಅಕ್ರಿಲಿಕ್ ಮತ್ತು ಅಂಗಡಿಯ ಉಲ್ಲನ್ ಒಂದೇ ಎಂದು ಹೊಳೆದಿರಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಚಾರ್ಟಿನ ಬಗ್ಗೆ ಒಳ್ಳೆಯ ಮಾತಿತ್ತು. ಕೊನೆಯ ಸಾಲು: "ವಿದ್ಯಾರ್ಥಿನಿಯ ಆಕ್ಷೇಪಣೆಗೆ ಅವಕಾಶ ನೀಡಲಿಲ್ಲ." ವಿಷಯದ ತಪ್ಪಿಗಿಂತ ಈ ಸಾಲು ನನ್ನನ್ನು ಹೆಚ್ಚು ಕಾಡಿತು.

ಮತ್ತೆ ಅಂಗಡಿಗೆ

ಶನಿವಾರ ಮಧ್ಯಾಹ್ನ ಅದೇ ಅಂಗಡಿಗೆ ಹೋದೆ. "ಅಣ್ಣಾ, ಕುರಿ ಉಣ್ಣೆಯ ನೂಲು ಇದೆಯಾ?" ಎಂದು ಕೇಳಿದೆ. ಅವರು ನಕ್ಕರು. "ಎಲ್ಲರೂ ಉಲ್ಲನ್ ಅಂತ ಕೇಳ್ತಾರೆ, ನಾವು ಇದನ್ನೇ ಕೊಡ್ತೀವಿ. ಬಣ್ಣ ಚೆನ್ನಾಗಿರ್ತದೆ, ಒಗೆಯೋದು ಸುಲಭ, ರೇಟೂ ಕಡಿಮೆ. ಅಸಲಿ ಉಣ್ಣೆ ಕೇಳೋರು ಎಲ್ಲೋ ಒಬ್ಬರು" ಎಂದರು. ಮೇಲಿನ ಗೂಡಿನಿಂದ ಒಂದು ಪೊಟ್ಟಣ ಇಳಿಸಿದರು. ಮೆರಿನೋ ಉಣ್ಣೆ. ಕೆನ್ನೆಗೆ ಒತ್ತಿಕೊಂಡೆ. ಚುಚ್ಚಲಿಲ್ಲ.

ಇಲ್ಲಿ ನನಗೆ ಪಾಠದ ನಡುಗಂಬ ಸಿಕ್ಕಿತು. ನಾನು ತೋರಿಸಿದ ಉಂಡೆ ಉಣ್ಣೆಯಲ್ಲ ಎಂಬ ಹುಡುಗಿಯ ತೀರ್ಮಾನ ಸರಿ. ಆದರೆ ಅವಳು ಕೊಟ್ಟ ಕಾರಣ ಎಲ್ಲ ಉಣ್ಣೆಗೂ ಹೊಂದುವುದಿಲ್ಲ. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಅದಕ್ಕೇ ಕಂಬಳಿ ಚುಚ್ಚುತ್ತದೆ. ಮೆರಿನೋ ಕುರಿಯ ಕೂದಲು ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ತೆಳು, ಅದು ಬಾಗುತ್ತದೆಯೇ ಹೊರತು ಚುಚ್ಚುವುದಿಲ್ಲ. ಹೆಸರು ನಂಬಿ ನಾನು ತಪ್ಪಿದೆ. ಸ್ಪರ್ಶವೊಂದನ್ನೇ ನಂಬಿದರೂ ಎಲ್ಲೋ ಒಂದು ಕಡೆ ತಪ್ಪುತ್ತೇವೆ. ಹಾಗಾದರೆ ತಿಳಿಯುವುದು ಹೇಗೆ? ಎರಡನೇ ಪಾಠದ ಪ್ರಶ್ನೆ ಇದೇ ಆಯಿತು.

ಆ ದಿನ ಒಂದು ಗಂಟೆ ಅಂಗಡಿಯಲ್ಲಿದ್ದೆ. ಅಕ್ರಿಲಿಕ್ ಒಂದು ಉಂಡೆ, ಹತ್ತಿಯ ಕ್ರೋಶಾ ನೂಲು ಒಂದು, ಮೆರಿನೋ ಒಂದು ಸಣ್ಣ ಉಂಡೆ ಕೊಂಡೆ. ದುಬಾರಿಯಾದದ್ದು ಮೆರಿನೋ ಮಾತ್ರ. ಹರಿದು ಬಿದ್ದಿದ್ದ ಹಳೆಯ ಚೀಟಿಗಳನ್ನು ಅಂಗಡಿಯವರು ಸುಮ್ಮನೆ ಕೊಟ್ಟರು. ತರಗತಿಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಚೀಟಿಗಳೇ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಆ ಹುಡುಗಿಯನ್ನು ಕರೆದು, "ನೀನು ಹೇಳಿದ್ದು ಸರಿ ಇತ್ತು. ನಾನು ಚೀಟಿ ಓದಿರಲಿಲ್ಲ. ಅಜ್ಜನ ಹತ್ತಿರ ಒಂದು ಹಿಡಿ ಉಣ್ಣೆ ಸಿಗಬಹುದಾ?" ಎಂದೆ. ಅವಳು ತಲೆಯಾಡಿಸಿದಳು, ಮಾತಾಡಲಿಲ್ಲ.

ಎರಡನೇ ಪಾಠದ ಯೋಜನೆ

ಕಲಿಕಾಂಶ: ನಾರು, ಎಳೆ, ನೂಲು, ನಾರನ್ನು ಗುರುತಿಸುವ ವಿಧಾನಗಳು.
ಅವಧಿ: 40 ನಿಮಿಷದ ಎರಡು ಅವಧಿಗಳು.
ಉದ್ದೇಶಗಳು: ವಿದ್ಯಾರ್ಥಿಗಳು (1) ನೂಲನ್ನು ಬಿಚ್ಚಿ ಎಳೆ ಮತ್ತು ನಾರನ್ನು ಗುರುತಿಸುವರು, (2) ಹೊಸೆತದಿಂದ ಬಲ ಬರುವುದನ್ನು ಮಾಡಿ ನೋಡುವರು, (3) ಚೀಟಿಯ ಮಾಹಿತಿಯಿಂದ ಲೆಕ್ಕ ಮಾಡುವರು, (4) ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಾರದೇಕೆ ಎಂದು ವಿವರಿಸುವರು.
ಸಾಮಗ್ರಿ: ಮೂರು ಬಗೆಯ ನೂಲು, ಹತ್ತಿ ಅರಳೆ, ಕಂಬಳಿಯ ಉಣ್ಣೆ, ಅಳತೆಪಟ್ಟಿ, ನೀರು, ಚೀಟಿಗಳು. ಶಿಕ್ಷಕರ ಬಳಿ ಮಾತ್ರ: ಇಕ್ಕಳ, ಮೇಣದಬತ್ತಿ, ಮರಳು ತುಂಬಿದ ತಟ್ಟೆ.

ಚಟುವಟಿಕೆ 1: ಅಂಗಡಿ

ಮೇಜನ್ನೇ ಅಂಗಡಿ ಮಾಡಿದೆ. ನೂಲುಗಳಿಗೆ ಹೆಸರಿಲ್ಲ, ಅ, ಆ, ಇ, ಈ ಎಂದಷ್ಟೇ ಗುರುತು. ಗುಂಪಿನಿಂದ ಇಬ್ಬರು ಬಂದು "ಕೊಳ್ಳಬೇಕು": ಹಸುಗೂಸಿನ ಟೋಪಿಗೆ ಯಾವುದು, ಪಾತ್ರೆ ಹಿಡಿಯುವ ಬಟ್ಟೆಗೆ ಯಾವುದು, ಮಳೆಯಲ್ಲಿ ಕುರಿ ಕಾಯುವವರಿಗೆ ಯಾವುದು? ಆಯ್ದದ್ದಕ್ಕೆ ಕಾರಣ ಹೇಳಲೇಬೇಕು. ಹಿಂದಿನ ಪಾಠದಲ್ಲಿ ಉತ್ತರ ಗೊತ್ತಿದ್ದವರು ಮಾತ್ರ ಕೈ ಎತ್ತಿದ್ದರು. ಇಲ್ಲಿ ಉತ್ತರ ಬೆರಳಲ್ಲಿತ್ತು, ಎಲ್ಲರಿಗೂ ಬೆರಳಿತ್ತು.

ಚಟುವಟಿಕೆ 2: ಬಿಚ್ಚಿ ನೋಡು, ಹೊಸೆದು ನೋಡು

ಪ್ರತಿಯೊಬ್ಬರಿಗೂ ಗೇಣುದ್ದ ನೂಲು. ಹೊಸೆದ ದಿಕ್ಕಿಗೆ ವಿರುದ್ಧವಾಗಿ ತಿರುಚಿದರೆ ಎಳೆಗಳು ಬೇರೆಯಾಗುತ್ತವೆ. ಒಂದು ಎಳೆಯನ್ನು ಇನ್ನೂ ಬಿಚ್ಚಿದರೆ ನಾರುಗಳು. ಬಿಚ್ಚಿದ ಎಳೆಯನ್ನು ಮೆಲ್ಲಗೆ ಎಳೆದರೆ ಸುಮ್ಮನೆ ಜಾರಿ ಕೈಗೆ ಬರುತ್ತದೆ. ಅದೇ ನಾರನ್ನು ತೊಡೆಯ ಮೇಲೆ ಹೊಸೆದು ಎಳೆದರೆ ಸುಲಭಕ್ಕೆ ಬರುವುದಿಲ್ಲ. ಅರಳೆಯಲ್ಲೂ ಹೀಗೆಯೇ ಮಾಡಿದರು. "ನಾರು ಅದೇ, ಬಲ ಎಲ್ಲಿಂದ ಬಂತು?" ಎಂಬ ಪ್ರಶ್ನೆಗೆ ಒಬ್ಬ ಹುಡುಗ, "ಒಂದನ್ನೊಂದು ಒತ್ತಿ ಹಿಡ್ಕೊಂಡಿವೆ ಮಿಸ್" ಎಂದ. ಘರ್ಷಣೆ ಎಂಬ ಪದವನ್ನು ನಾನು ಅದರ ನಂತರ ಕಪ್ಪುಹಲಗೆಯ ಮೇಲೆ ಬರೆದೆ. ದೀಪದ ಬತ್ತಿ ಹೊಸೆಯುವುದನ್ನು ನೋಡಿದ ಮಕ್ಕಳಿಗೆ ಇದು ಹೊಸದೇನೂ ಅಲ್ಲ.

ಚಟುವಟಿಕೆ 3: ಚೀಟಿ ಓದು

ನೂಲಿನ ಚೀಟಿಯಲ್ಲಿ ತೂಕ, ಉದ್ದ, ನಾರಿನ ಹೆಸರು, ಬಣ್ಣದ ಸಂಖ್ಯೆ, ಲಾಟ್ ಸಂಖ್ಯೆ ಇರುತ್ತವೆ. ಒಂದು ಚೀಟಿಯಲ್ಲಿ 100 ಗ್ರಾಂ, 200 ಮೀಟರ್. ಇನ್ನೊಂದರಲ್ಲಿ 50 ಗ್ರಾಂ, 200 ಮೀಟರ್. ಮೀಟರಿಗೆ ಎಷ್ಟು ಗ್ರಾಂ? ಮೊದಲನೆಯದು 0.5, ಎರಡನೆಯದು 0.25. ಒಂದು ಮಫ್ಲರಿಗೆ ಮೊದಲನೆಯ ನೂಲು 500 ಮೀಟರ್ ಬೇಕಾದರೆ ಎಷ್ಟು ಉಂಡೆ? ಲೆಕ್ಕದಲ್ಲಿ ಎರಡೂವರೆ, ಅಂಗಡಿಯಲ್ಲಿ ಮೂರು. "ಎರಡು ತಂದು, ಸಾಲದಿದ್ದರೆ ಆಮೇಲೆ ಒಂದು ತಂದರಾಯಿತಲ್ಲ?" ಎಂದು ಒಬ್ಬಳು ಕೇಳಿದಳು. ಆಗ ಲಾಟ್ ಸಂಖ್ಯೆಯ ಅರ್ಥ ಹೇಳಿದೆ. ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ನೂಲಿನ ಛಾಯೆ ಕೊಂಚ ಬೇರೆಯಾಗುತ್ತದೆ. ಅದನ್ನು ನೋಡದೆ ನಾನು ಹೆಣೆದ, ನಡುವೆ ಪಟ್ಟೆ ಬಿದ್ದ ಶಾಲನ್ನು ತೋರಿಸಿದೆ. ತರಗತಿ ಚೆನ್ನಾಗಿ ನಕ್ಕಿತು.

ನಂತರ ಅಳತೆಪಟ್ಟಿಯ 4 ಸೆಂಟಿಮೀಟರ್ ಉದ್ದಕ್ಕೆ ನೂಲನ್ನು ಒತ್ತೊತ್ತಾಗಿ ಸುತ್ತಿ ಎಣಿಸಿದರು. ಅಕ್ರಿಲಿಕ್ 20 ಸುತ್ತು, ಅಂದರೆ ಒಂದು ಸುತ್ತಿಗೆ 2 ಮಿಲಿಮೀಟರ್. ಹತ್ತಿ ನೂಲು 40 ಸುತ್ತು, 1 ಮಿಲಿಮೀಟರ್. ತಂತಿಯ ವ್ಯಾಸ ಕಂಡುಹಿಡಿಯಲು ಪೆನ್ಸಿಲಿಗೆ ಸುತ್ತುವ ವಿಧಾನವೇ ಇದು. ಬಿಗಿಯಾಗಿ ಸುತ್ತಿದ ಗುಂಪಿಗೂ ಸಡಿಲವಾಗಿ ಸುತ್ತಿದ ಗುಂಪಿಗೂ ಎರಡು ಮೂರು ಸುತ್ತು ವ್ಯತ್ಯಾಸ ಬಂತು. ಅಳತೆಯಲ್ಲಿ ಆಗುವ ದೋಷದ ಬಗ್ಗೆ ಮಾತಾಡಲು ಅದೇ ಸಾಕಾಯಿತು.

ಸಹ ಪ್ರಶಿಕ್ಷಣಾರ್ಥಿಗಳ ಗಮನಕ್ಕೆ: 1000 ಮೀಟರ್ ನೂಲಿನ ತೂಕವನ್ನು ಗ್ರಾಂನಲ್ಲಿ ಹೇಳಿದರೆ ಅದು ಟೆಕ್ಸ್. ಮೇಲಿನ ನೂಲುಗಳು 500 ಮತ್ತು 250 ಟೆಕ್ಸ್. ಹತ್ತಿ ಬಟ್ಟೆ ವ್ಯಾಪಾರದ "ಕೌಂಟ್" ಇದಕ್ಕೆ ತಿರುಗುಮುರುಗು. 840 ಗಜದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೆ ಎಂಬುದೇ ಕೌಂಟ್. ಆದ್ದರಿಂದ ಕೌಂಟ್ ಹೆಚ್ಚಿದಷ್ಟೂ ನೂಲು ಸಣ್ಣ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ, ಈ ಮಾತನ್ನು ಮಕ್ಕಳಿಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಇರುತ್ತಾರೆ. ಅವರನ್ನು ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಬಹುದು.

ಚಟುವಟಿಕೆ 4: ನೀರು ಮತ್ತು ಬೆಂಕಿ

ಎರಡನೇ ಅವಧಿಗೆ ಆ ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಿಡಿ ಕರಿ ಉಣ್ಣೆ ತಂದಿದ್ದಳು. ಕುರಿಯ ವಾಸನೆ ಇನ್ನೂ ಇತ್ತು. ಹುಡುಗರು ಮೂಗು ಮುಚ್ಚಿಕೊಂಡರು. ನಾನು ಅವರನ್ನು ಸುಮ್ಮನಿರಿಸಿ, ಉಣ್ಣೆಯ ಮೇಲೆ ಒಂದು ಹನಿ ನೀರು ಬಿಡಲು ಅವಳಿಗೇ ಹೇಳಿದೆ. ಹನಿ ಮಣಿಯಂತೆ ಮೇಲೆಯೇ ನಿಂತಿತು. ಹತ್ತಿ ನೂಲಿನಲ್ಲಿ ಹನಿ ಇಂಗಿಹೋಯಿತು. ಅಕ್ರಿಲಿಕ್‌ನಲ್ಲಿ ಗುಂಪಿಗೊಂದು ಉತ್ತರ ಬಂತು, ಅದನ್ನು ಹಾಗೆಯೇ ಬರೆಸಿದೆ. ತೊಳೆಯದ ಉಣ್ಣೆಯಲ್ಲಿರುವ ಲ್ಯಾನೊಲಿನ್ ಎಂಬ ಜಿಡ್ಡು ಹನಿಯನ್ನು ತಡೆಯುತ್ತದೆ. ಕುರಿಗಾಹಿಗಳು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಳ್ಳುವುದನ್ನು ಮಕ್ಕಳೇ ಇದಕ್ಕೆ ಸೇರಿಸಿದರು.

ಸುಡುವ ಪರೀಕ್ಷೆಯನ್ನು ಮೈದಾನದಲ್ಲಿ ನಾನೊಬ್ಬಳೇ ಮಾಡಿದೆ. ಎರಡು ಸೆಂಟಿಮೀಟರ್ ತುಂಡು, ಇಕ್ಕಳ, ಕೆಳಗೆ ಮರಳು. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಮಕ್ಕಳನ್ನು ದೂರ ನಿಲ್ಲಿಸಿದೆ. ಅಕ್ರಿಲಿಕ್ ಸುಟ್ಟಾಗ ಹೈಡ್ರೋಜನ್ ಸಯನೈಡ್ ಸಹ ಬರುವುದರಿಂದ ಇದನ್ನು ಕೋಣೆಯೊಳಗೆ ಮಾಡಲೇಬಾರದು. ಹತ್ತಿ ಕಾಗದದಂತೆ ಉರಿದು ಬೂದಿಯಾಯಿತು. ಮೆರಿನೋ ಮತ್ತು ಕಂಬಳಿ ಉಣ್ಣೆ ಎರಡೂ ನಿಧಾನವಾಗಿ ಸುಟ್ಟು, ಜ್ವಾಲೆಯಿಂದ ತೆಗೆದೊಡನೆ ಆರಿದವು. ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಕರಿ. ಕೂದಲೂ ಉಣ್ಣೆಯೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು, ಆದ್ದರಿಂದ ಆ ವಾಸನೆ. ಅಕ್ರಿಲಿಕ್ ಕರಗಿ, ಉರಿದು, ಗಟ್ಟಿ ಕರಿ ಮಣಿಯಾಯಿತು. ಚುಚ್ಚುವುದೂ ಚುಚ್ಚದ್ದೂ ಎರಡೂ ಉಣ್ಣೆ, ಮೆತ್ತಗಿದ್ದ ಕೆಂಪು ಉಂಡೆ ಉಣ್ಣೆಯಲ್ಲ ಎಂಬುದು ಕಣ್ಣೆದುರೇ ತೀರ್ಮಾನವಾಯಿತು.

ಕೊನೆಯ ಹತ್ತು ನಿಮಿಷ ಆ ಹುಡುಗಿಗೆ ಬಿಟ್ಟುಕೊಟ್ಟೆ. ಮೊದಲೆರಡು ಮಾತಿಗೆ ತಡವರಿಸಿದಳು. ಆಮೇಲೆ ಕುರಿ ಕತ್ತರಿಸುವುದು, ಉಣ್ಣೆ ಬಿಡಿಸುವುದು, ಅಜ್ಜಿ ನೂಲುವುದು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುವುದು, ಅಜ್ಜ ಗುಂಡಿ ಮಗ್ಗದಲ್ಲಿ ಕೂತು ನೇಯುವುದು, ಎಲ್ಲ ಹೇಳಿದಳು. ನನ್ನ ಚಾರ್ಟಿನಲ್ಲಿ ಗಂಜಿಯ ಹಂತ ಇರಲೇ ಇಲ್ಲ.

ಮೌಲ್ಯಮಾಪನದ ಪ್ರಶ್ನೆಗಳು

1. ನಾರು, ಎಳೆ, ನೂಲು: ಚಿತ್ರ ಬರೆದು ವ್ಯತ್ಯಾಸ ತಿಳಿಸಿ.
2. "ಮೆತ್ತಗಿದೆ, ಆದ್ದರಿಂದ ಉಣ್ಣೆಯಲ್ಲ." ಈ ಹೇಳಿಕೆಯನ್ನು ಹೇಗೆ ಪರೀಕ್ಷಿಸುವಿರಿ?
3. ಮನೆಯ ಒಂದು ಸ್ವೆಟರ್ ಅಥವಾ ಸೀರೆಯ ಚೀಟಿ ಓದಿ, ಯಾವ ನಾರೆಂದು ಬರೆದು ತನ್ನಿ.

ಮೂರನೆಯದರ ಉತ್ತರ ನೋಡಿ ಮಕ್ಕಳು ಬೆರಗಾದರು. ಮನೆಯವರು "ಉಲ್ಲನ್ ಸ್ವೆಟರ್" ಎನ್ನುತ್ತಿದ್ದ ಬಹುಪಾಲು ಸ್ವೆಟರುಗಳ ಚೀಟಿಯಲ್ಲಿ ಅಕ್ರಿಲಿಕ್ ಎಂದಿತ್ತು.

ಆತ್ಮಾವಲೋಕನ

ಕೊರತೆಗಳೂ ಇದ್ದವು. ಚೀಟಿಯ ಲೆಕ್ಕಕ್ಕೆ ಯೋಜಿಸಿದ್ದಕ್ಕಿಂತ ಎರಡರಷ್ಟು ಸಮಯ ಹಿಡಿಯಿತು. ಎಡಹೊಸೆತ, ಬಲಹೊಸೆತ ಹೇಳಲು ಹೋಗಿ ನಾನೇ ಗೊಂದಲ ಮಾಡಿದೆ. ಈ ಹಂತದಲ್ಲಿ ಅದು ಬೇಕಿರಲಿಲ್ಲ. ಹಿಂದಿನ ಬೆಂಚಿನ ಒಂದು ಗುಂಪು ನೂಲಿನಲ್ಲಿ ಆಟವಾಡುತ್ತಾ ಉಳಿಯಿತು.

1937ರ ವರ್ಧಾ ಸಮ್ಮೇಳನ, ಗಾಂಧೀಜಿಯವರ ನಯೀ ತಾಲೀಮ್, ಕೈಕಸುಬಿನ ಮೂಲಕ ಶಿಕ್ಷಣ, ಇವನ್ನೆಲ್ಲ ನಾವು ಟಿಪ್ಪಣಿಯಾಗಿ ಓದಿ ಪರೀಕ್ಷೆಯಲ್ಲಿ ಬರೆಯುತ್ತೇವೆ. ಕಸುಬು ಪಾಠಕ್ಕೆ ಅಲಂಕಾರವಲ್ಲ, ಪಾಠವೇ ಕಸುಬಿನಿಂದ ಹುಟ್ಟಬೇಕು ಎಂಬುದರ ಅರ್ಥ ನನಗೆ ಈ ಎರಡು ಪಾಠಗಳ ನಡುವಿನ ಶನಿವಾರದಂದು ಆಯಿತು. ಮೊದಲ ದಿನ ಕೆಂಪು ಉಂಡೆಯನ್ನು ದೂರದಿಂದ ಎತ್ತಿ ತೋರಿಸಿದ್ದೆ. ಅಂಗಡಿಯಲ್ಲಿ ಯಾರಾದರೂ ನನಗೆ ಹಾಗೆ ತೋರಿಸಿದ್ದರೆ ನಾನು ಅದನ್ನು ಕೊಳ್ಳುತ್ತಿರಲಿಲ್ಲ. ನಮಗೆ ಸಂತೋಷ ಕೊಡುವ ಒಂದು ಕೆಲಸ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ ಇರುತ್ತದೆ: ಅಡುಗೆ, ಸೈಕಲ್ ರಿಪೇರಿ, ಹೂಗಿಡ. ಪಾಠಯೋಜನೆ ಬರೆಯುವ ಮುನ್ನ, ಆ ಕೆಲಸದಲ್ಲಿ ನಮ್ಮ ಕಣ್ಣು ಮತ್ತು ಬೆರಳು ಏನು ಮಾಡುತ್ತವೆ ಎಂದು ಒಮ್ಮೆ ಪಟ್ಟಿ ಮಾಡಿಕೊಂಡರೆ ಚಟುವಟಿಕೆಗೆ ಬೇರೆಡೆ ಹುಡುಕಬೇಕಾಗಿಲ್ಲ.

"ಕೂತ್ಕೋ, ಆಮೇಲೆ ಮಾತಾಡೋಣ" ಎಂಬ ಮಾತನ್ನು ಈಗಲೂ ಒಮ್ಮೊಮ್ಮೆ ಆಡುತ್ತೇನೆ, ಅವಧಿ ಮುಗಿಯಬೇಕಲ್ಲ. ಆದರೆ ಹಾಗೆ ಹೇಳಿದಾಗ ಆ ಮಗುವಿನ ಹೆಸರನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡುತ್ತೇನೆ. ಹೆಸರು ಅಳಿಸುವುದು ಮಾತಾಡಿದ ಮೇಲೆಯೇ.