ಪಕ್ಕದ ಮನೆಯವರ ಮೌನ ಸಮ್ಮತಿಯಲ್ಲ!



ಮನೆಯ ಹಿಂಭಾಗಕ್ಕೆ ಎಕ್ಸ್‌ಟೆನ್ಷನ್ ಕಟ್ಟಿಸುವ ಯೋಚನೆಯಲ್ಲಿರುವವರು ನಮ್ಮ ಬಳಗದಲ್ಲಿ ಹಲವರಿದ್ದೀರಿ. ಇಲ್ಲಿ ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಕೈಹಾಕಿ ನಾನು ಕಲಿತ ಪಾಠ ನಿಮಗೂ ಉಪಯೋಗವಾದೀತು.

ನಮ್ಮದು ಸೆಮಿ-ಡಿಟ್ಯಾಚ್ಡ್ ಮನೆ. ಕೌನ್ಸಿಲ್‌ನಿಂದ ಪ್ಲಾನಿಂಗ್ ಪರ್ಮಿಷನ್ ಬಂದದ್ದೇ ತಡ, ಬಿಲ್ಡರ್‌ಗೆ ಮುಂಗಡ ಕೊಟ್ಟೆ. ಮರುದಿನವೇ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. "ನನ್ನ ಗೋಡೆ ಪಕ್ಕದಲ್ಲೇ ಪಾಯ ತೋಡುತ್ತೀರಂತೆ. ಬಿರುಕು ಬಿಟ್ಟರೆ ಯಾರು ಹೊಣೆ?" "ಕೌನ್ಸಿಲ್ ಒಪ್ಪಿದೆಯಲ್ಲ" ಎಂದುಬಿಟ್ಟೆ. ಅಲ್ಲೇ ನಾನು ಎಡವಿದ್ದು.

ಪ್ಲಾನಿಂಗ್ ಬೇರೆ, 1996ರ ಪಾರ್ಟಿ ವಾಲ್ ಕಾಯ್ದೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ ಈ ಕಾಯ್ದೆಯಂತೆ, ನೆರೆಯವರ ಕಟ್ಟಡದಿಂದ 3 ಮೀಟರ್ ಒಳಗೆ ಅವರ ಪಾಯಕ್ಕಿಂತ ಆಳವಾಗಿ ಅಗೆಯುವುದಾದರೆ ಒಂದು ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಇಬ್ಬರಿಗೂ ಸೇರಿದ ಗೋಡೆಯೊಳಗೆ ತೊಲೆ ಕೂರಿಸುವುದಾದರೆ ಎರಡು ತಿಂಗಳು. ನನಗೆ ಎರಡೂ ಅನ್ವಯಿಸುತ್ತಿತ್ತು!

ಬಿಲ್ಡರ್‌ನನ್ನು ತಡೆದು ನೋಟಿಸ್ ಕೊಟ್ಟೆ. ಉತ್ತರವೇ ಇಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಕೇಳಿ ಬೆಳೆದವರು ನಾವು. ಈ ಕಾಯ್ದೆಯದು ತದ್ವಿರುದ್ಧ. 14 ದಿನಗಳೊಳಗೆ ಲಿಖಿತ ಒಪ್ಪಿಗೆ ಬರದಿದ್ದರೆ ತಕರಾರಿದೆ ಎಂದೇ ಲೆಕ್ಕ. ಆಗ ಇಬ್ಬರಿಗೂ ಒಪ್ಪಿಗೆಯಾದ ಒಬ್ಬ ಸರ್ವೇಯರ್ ಬೇಕು, ಇಲ್ಲವೇ ಆಕೆಗೊಬ್ಬರು, ನನಗೊಬ್ಬರು. ಫೀಸು ಸಾಮಾನ್ಯವಾಗಿ ಕಟ್ಟಿಸುವವನ ತಲೆಗೇ.

"ಕಾಗದ ಕಳಿಸಿದ್ದು ಸಾಕು, ಹೋಗಿ ಮಾತಾಡಿ ಬನ್ನಿ" ಎಂದಳು ನನ್ನಾಕೆ. ಹೋದೆ. ಬಿರುಕಿನ ಭಯದ ಜೊತೆಗೆ ಇನ್ನೊಂದು ಚಿಂತೆಯೂ ಇತ್ತು. ಆಕೆ ನರ್ಸ್, ರಾತ್ರಿ ಪಾಳಿ. ಬೆಳಗ್ಗೆ ಎಂಟಕ್ಕೆ ಡ್ರಿಲ್ ಶುರುವಾದರೆ ಆಕೆ ಮಲಗುವುದು ಯಾವಾಗ? ನಾಲ್ಕು ವರ್ಷ ಒಂದೇ ಗೋಡೆ ಹಂಚಿಕೊಂಡಿದ್ದರೂ ಇದು ನನಗೆ ತಿಳಿದಿರಲಿಲ್ಲ, ನಾಚಿಕೆಯಾಯಿತು. ಆಕೆಯ ಪಾಳಿಯ ಪಟ್ಟಿ ಪಡೆದು, ಆ ದಿನಗಳಲ್ಲಿ ಗೋಡೆ ಒಡೆಯುವ ಕೆಲಸ ಮಧ್ಯಾಹ್ನ ಎರಡರ ನಂತರವೇ ಎಂದು ಬಿಲ್ಡರ್‌ಗೆ ಬರೆದುಕೊಟ್ಟೆ. ಆತ ಗೊಣಗಿದ, ಕೆಲಸ ಒಂದು ವಾರ ಹೆಚ್ಚು ಹಿಡಿಯಿತು. ಒಬ್ಬರೇ ಸರ್ವೇಯರ್ ಸಾಕು ಎಂದು ಆಕೆ ಒಪ್ಪಿದರು.

ಆ ಸರ್ವೇಯರ್ ಕೆಲಸಕ್ಕೆ ಮೊದಲೇ ಆಕೆಯ ಮನೆಯ ಗೋಡೆಗಳ ಫೋಟೋ ತೆಗೆದು ವರದಿ ಮಾಡಿದರು. ನೀವು ಕಟ್ಟಿಸುವಾಗ ಇದನ್ನು ಮಾತ್ರ ಬಿಡಬೇಡಿ. ಕೆಲಸ ಮುಗಿದಾಗ ಆಕೆ ಎರಡು ಬಿರುಕು ತೋರಿಸಿದರು. ಮೆಟ್ಟಿಲ ಬಳಿಯದು ಹಳೆಯ ಫೋಟೋದಲ್ಲೇ ಇತ್ತು. ಊಟದ ಕೋಣೆಯದು ಇರಲಿಲ್ಲ. ಅದನ್ನು ನನ್ನ ಖರ್ಚಿನಲ್ಲಿ ಸರಿಮಾಡಿಸಿದೆ. ಬಣ್ಣ ಆಕೆಯೇ ಆರಿಸಿದರು.